ಉತ್ತರ ಸರಿ, ಕ್ರಮ ಎಲ್ಲಿ?

2025ರ ಜುಲೈ ಮೊದಲ ವಾರದಲ್ಲಿ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಬೆಳಗಾಗುವ ಹೊತ್ತಿಗೇ ಜನ ಸಾಲು ನಿಲ್ಲುತ್ತಿದ್ದರು. ಹಾಸನ ಜಿಲ್ಲೆಯಲ್ಲಿ ಒಂದರ ಹಿಂದೆ ಒಂದರಂತೆ ಹೃದಯಾಘಾತದ ಸಾವುಗಳು ವರದಿಯಾಗಿದ್ದವು. ಸತ್ತವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದದ್ದರಿಂದ ಎಲ್ಲರ ಎದೆಯೂ ನಡುಗಿತ್ತು. ಕೋವಿಡ್ ಲಸಿಕೆಗೆ ಅವಸರದಲ್ಲಿ ಅನುಮೋದನೆ ಕೊಟ್ಟು ಹಂಚಿದ್ದೂ ಇದಕ್ಕೆ ಕಾರಣವಾಗಿರಬಹುದು ಎಂಬರ್ಥದ ಮಾತನ್ನು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಜುಲೈ 1ರಂದು ಬರೆದರು. ಮರುದಿನವೇ ಕೇಂದ್ರ ಆರೋಗ್ಯ ಸಚಿವಾಲಯ ಅದನ್ನು ಅಲ್ಲಗಳೆಯಿತು. ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ಸಮಿತಿಯೂ ಅಕಾಲಿಕ ಹೃದ್ರೋಗಕ್ಕೂ ಲಸಿಕೆಗೂ ನಂಟು ಕಾಣಲಿಲ್ಲವೆಂದು ವರದಿ ಕೊಟ್ಟಿತು. 18ರಿಂದ 45 ವರ್ಷದವರ ಹಠಾತ್ ಸಾವುಗಳ ಬಗ್ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲೇ ನಡೆಸಿದ್ದ ಅಧ್ಯಯನದಲ್ಲೂ ಲಸಿಕೆಯಿಂದ ಅಪಾಯ ಹೆಚ್ಚಿದ್ದು ಕಂಡಿರಲಿಲ್ಲ.

ಹೀಗಿದ್ದೂ ‘ಅವಸರ’ ಎಂಬ ಆ ಒಂದು ಪದ ಜನರ ಬಾಯಿಂದ ಹೋಗಲಿಲ್ಲ. ನಾನು ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರಾಗಿದ್ದವನು. ಲೆಕ್ಕದ ಕ್ರಮ ಬರೆಯದೆ ಬರೀ ಉತ್ತರ ಬರೆದ ಹುಡುಗನಿಗೆ, ಉತ್ತರ ಸರಿಯಿದ್ದರೂ ಪೂರ್ತಿ ಅಂಕ ಕೊಟ್ಟವನಲ್ಲ. ಅವನು ಪಕ್ಕದವನದನ್ನು ನೋಡಿ ಬರೆದನೆಂದೇನೂ ನಾನು ಭಾವಿಸುತ್ತಿರಲಿಲ್ಲ. ಉತ್ತರ ಹೇಗೆ ಬಂತೆಂದು ತೋರಿಸದಿದ್ದರೆ ನಾಳೆ ಯಾರಾದರೂ ಪ್ರಶ್ನಿಸಿದಾಗ ಅವನ ಕೈಯಲ್ಲಿ ಏನೂ ಇರುವುದಿಲ್ಲ, ಅಷ್ಟೆ. ಕೋವ್ಯಾಕ್ಸಿನ್ ವಿಷಯದಲ್ಲಿ ಆದದ್ದು ಇದೇ ಎಂಬುದು ನನ್ನ ಅಭಿಪ್ರಾಯ.

2021ರ ಜನವರಿ 3, ಭಾನುವಾರ. ಔಷಧ ಮಹಾನಿಯಂತ್ರಕ ವಿ.ಜಿ. ಸೋಮಾನಿಯವರು ಕೋವಿಶೀಲ್ಡ್ ಮತ್ತು ಕೋವ್ಯಾಕ್ಸಿನ್ ಎರಡಕ್ಕೂ ಅನುಮತಿ ಪ್ರಕಟಿಸಿದರು. ಕೋವಿಶೀಲ್ಡ್ ಎಷ್ಟು ಪರಿಣಾಮಕಾರಿ ಎಂಬುದಕ್ಕೆ ವಿದೇಶದ ಪ್ರಯೋಗಗಳಿಂದ ಬಂದ ಶೇ 70.42 ಎಂಬ ಅಂಕಿಯೊಂದಿತ್ತು. ಕೋವ್ಯಾಕ್ಸಿನ್‌ಗೆ ಅಂಥ ಅಂಕಿ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಲಸಿಕೆ ಕಾಯಿಲೆಯನ್ನು ಎಷ್ಟು ತಡೆಯುತ್ತದೆಂದು ಅಳೆಯುವ ಮೂರನೇ ಹಂತದ ಪ್ರಯೋಗಕ್ಕೆ 25,800 ಜನರನ್ನು ಸೇರಿಸಿಕೊಳ್ಳಬೇಕಿದ್ದು, ಅಂದಿಗೆ ಸೂಜಿ ಬಿದ್ದಿದ್ದು ಸುಮಾರು 22,500 ಜನರಿಗೆ ಮಾತ್ರ. ಹಾಗಾಗಿ ‘ಕ್ಲಿನಿಕಲ್ ಟ್ರಯಲ್ ಮೋಡ್’ (ಪ್ರಯೋಗದ ರೀತಿಯಲ್ಲೇ ಬಳಕೆ) ಎಂಬ ಹೊಸ ಮಾತೊಂದನ್ನು ಹುಟ್ಟುಹಾಕಿ ಅದರಡಿಯಲ್ಲಿ ಅನುಮತಿ ಕೊಟ್ಟರು. ಲಸಿಕೆಗಳು ಶೇ 110ರಷ್ಟು ಸುರಕ್ಷಿತ ಎಂದೂ ಅವರು ಹೇಳಿದರು. (ನೂರರಲ್ಲಿ ನೂರಹತ್ತು! ಗಣಿತದ ಮೇಷ್ಟ್ರಿಗೆ ಆ ದಿನದ ಟಿ.ವಿ. ನೋಡುವುದು ಸುಲಭವಾಗಿರಲಿಲ್ಲ.)

ನನ್ನ ಮಗಳು ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ಜನವರಿಯಲ್ಲಿ ಅವಳ ಸರದಿ ಬಂದಾಗ ಸಿಕ್ಕಿದ್ದು ಕೋವ್ಯಾಕ್ಸಿನ್. ಯಾವುದು ಬೇಕೆಂದು ಆರಿಸಿಕೊಳ್ಳುವ ಅವಕಾಶ ಇರಲಿಲ್ಲ. ಸಹಿ ಹಾಕಬೇಕಿದ್ದ ಒಪ್ಪಿಗೆ ಪತ್ರದ ಫೋಟೋ ತೆಗೆದು ರಾತ್ರಿ ನನಗೆ ಕಳಿಸಿ, “ಅಪ್ಪಾ, ಪರಿಣಾಮ ಇನ್ನೂ ಸಾಬೀತಾಗಬೇಕು ಅಂತ ಇವರೇ ಬರೆದುಕೊಂಡಿದ್ದಾರಲ್ಲ, ನೋಡಿ” ಎಂದಳು. ಕನ್ನಡಕ ಏರಿಸಿ ಓದಿದೆ. ಹೌದು, ಮೂರನೇ ಹಂತದ ಅಧ್ಯಯನ ಇನ್ನೂ ನಡೆಯುತ್ತಿದೆ, ಆದ್ದರಿಂದ ಲಸಿಕೆ ಪಡೆದರೂ ಇತರ ಮುನ್ನೆಚ್ಚರಿಕೆಗಳನ್ನು ಬಿಡುವಂತಿಲ್ಲ ಎಂದು ಸ್ಪಷ್ಟವಾಗಿಯೇ ಇತ್ತು. ಟಿ.ವಿ.ಯಲ್ಲಿ ಹೇಳಿದ್ದಕ್ಕಿಂತ ಆ ಕಾಗದವೇ ಪ್ರಾಮಾಣಿಕವಾಗಿತ್ತೆಂದು ಇಂದಿಗೂ ನನಗೆ ಅನ್ನಿಸುತ್ತದೆ. ಹಾಕಿಸಿಕೋ ಎಂದೆ. ಸತ್ತ ವೈರಾಣುವಿನಿಂದ ಲಸಿಕೆ ತಯಾರಿಸುವುದು ಹಳೆಯ, ಪಳಗಿದ ವಿಧಾನ; ಮೊದಲೆರಡು ಹಂತಗಳಲ್ಲಿ ದೊಡ್ಡ ತೊಂದರೆ ಕಂಡಿರಲಿಲ್ಲ; ಅವಳಿಗಾದರೋ ದಿನವೂ ರೋಗಿಗಳ ನಡುವೆಯೇ ಕೆಲಸ. ಅದು ಲೆಕ್ಕ ಹಾಕಿ ಕೊಟ್ಟ ಸಲಹೆಯಲ್ಲ, ಅಂದಾಜಿನದು ಎಂಬುದು ಮಾತ್ರ ಅಂದೂ ನನಗೆ ಗೊತ್ತಿತ್ತು.

ಲೆಕ್ಕ ಆಮೇಲೆ ಬಂತು, ಚೆನ್ನಾಗಿಯೇ ಬಂತು. ಮಾರ್ಚ್ 3ರಂದು ಹೊರಬಿದ್ದ ಮಧ್ಯಂತರ ಫಲಿತಾಂಶದ ಪ್ರಕಾರ ಪ್ರಯೋಗದಲ್ಲಿ ಕಾಯಿಲೆ ಬಿದ್ದವರು 43 ಜನ. ಅವರಲ್ಲಿ 36 ಜನ ಲಸಿಕೆಯಿಲ್ಲದ ಹುಸಿ ಚುಚ್ಚುಮದ್ದು ಪಡೆದವರು, 7 ಜನ ಲಸಿಕೆ ಪಡೆದವರು. ಶೇ 81 ಎಂಬುದು ಬಂದದ್ದು ಅಲ್ಲಿಂದ. ನವೆಂಬರ್‌ನಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಪೂರ್ಣ ವರದಿಯಲ್ಲಿ, ಲಸಿಕೆ ಪಡೆದ 8,471 ಜನರಲ್ಲಿ 24 ಮಂದಿಗೆ ಕಾಯಿಲೆ, ಪಡೆಯದ 8,502 ಜನರಲ್ಲಿ 106 ಮಂದಿಗೆ. ಒಬ್ಬೊಬ್ಬರ ಮೇಲೆ ಎಷ್ಟು ದಿನ ನಿಗಾ ಇಟ್ಟಿದ್ದರೆಂಬುದನ್ನೂ ಲೆಕ್ಕಕ್ಕೆ ಸೇರಿಸಿದರೆ ಶೇ 77.8, ಡೆಲ್ಟಾ ತಳಿಯ ಎದುರು ಶೇ 65.2. ಇದನ್ನು ನಮ್ಮಲ್ಲಿ ಬಹಳ ಜನ ‘ನೂರು ಜನ ಹಾಕಿಸಿಕೊಂಡರೆ ಇಪ್ಪತ್ತೆರಡು ಜನಕ್ಕೆ ಬಂದೇ ಬರುತ್ತದೆ’ ಎಂದು ಓದಿಕೊಂಡರು, ಓದು-ಬರಹ ಬಲ್ಲ ನನ್ನ ಸಹೋದ್ಯೋಗಿಗಳೂ ಸಹ. ಹಾಗಲ್ಲ. ಆ ಪ್ರಯೋಗದಲ್ಲಿ ಲಸಿಕೆ ಪಡೆದ ಸಾವಿರ ಜನರಲ್ಲಿ ಕಾಯಿಲೆ ಬಂದದ್ದು ಮೂವರಿಗೂ ಕಡಿಮೆ; ಪಡೆಯದ ಸಾವಿರದಲ್ಲಿ ಹನ್ನೆರಡು ಚಿಲ್ಲರೆ. ಶೇಕಡಾವಾರು ಹೇಳುವುದು, ಪಡೆಯದವರಿಗೆ ಹೋಲಿಸಿದರೆ ಪಡೆದವರಲ್ಲಿ ಕಾಯಿಲೆ ಎಷ್ಟು ಪಾಲು ತಗ್ಗಿತೆಂಬುದನ್ನು.

ಉತ್ತರ ಸರಿಯಾಗಿತ್ತು, ನಿಜ. ಆದರೆ ಲಸಿಕೆ ಕೆಲಸ ಮಾಡಿದ್ದರಿಂದ ಜನವರಿಯ ನಿರ್ಧಾರವೂ ಸರಿಯಾಗಿತ್ತೆಂದು ವಾದಿಸುವವರೊಡನೆ ನನಗೆ ಸಹಮತವಿಲ್ಲ. ಎರಡು ತಿಂಗಳು ಕಾದಿದ್ದರೆ ಆಗುತ್ತಿದ್ದ ನಷ್ಟಕ್ಕಿಂತ, ಕಾಯದೆ ಹೋದದ್ದರಿಂದ ಉಳಿದ ಅನುಮಾನದ ಬೆಲೆ ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆ ಕೋವ್ಯಾಕ್ಸಿನ್ ಅನ್ನು ತನ್ನ ತುರ್ತು ಪಟ್ಟಿಗೆ ಸೇರಿಸಿದ್ದು 2021ರ ನವೆಂಬರ್ 3ರಂದು. ನಮ್ಮ ಬೀದಿಯ ದಂಪತಿಯೊಬ್ಬರು ನ್ಯೂಜೆರ್ಸಿಯಲ್ಲಿರುವ ಮಗಳ ಬಾಣಂತನಕ್ಕೆ ಹೋಗಬೇಕಿದ್ದವರು, ತಾವು ಹಾಕಿಸಿಕೊಂಡ ಲಸಿಕೆಗೆ ಅಲ್ಲಿ ಬೆಲೆ ಸಿಗುವುದೋ ಇಲ್ಲವೋ ಎಂದು ಅಲ್ಲಿಯವರೆಗೂ ದಿನ ಎಣಿಸಿದರು.

ಕೋವಿಶೀಲ್ಡ್‌ನ ಕಥೆ ಬೇರೆ. ಅಲ್ಲಿ ಅಂಕಿ ಇತ್ತು, ಎರಡು ಡೋಸ್‌ಗಳ ನಡುವಿನ ಅಂತರ ಮಾತ್ರ ಬದಲಾಗುತ್ತಲೇ ಹೋಯಿತು. ನನ್ನ ಹೆಂಡತಿ ಏಪ್ರಿಲ್ ಕೊನೆಯಲ್ಲಿ ಮೊದಲ ಡೋಸ್ ಪಡೆದು, ಎರಡನೆಯದರ ದಿನವನ್ನು ಅಡುಗೆಮನೆ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ, ಪೆನ್ಸಿಲಿನಲ್ಲಿ ಬರೆದಿದ್ದಳು. ಮೇ 13ರಂದು ಅಂತರವನ್ನು 12ರಿಂದ 16 ವಾರಕ್ಕೆ ಏರಿಸಿದರು. ಜೂನ್ ಅಳಿಸಿ ಜುಲೈ ಹಾಳೆಯಲ್ಲಿ ಬರೆದಳು. ಅಂತರ ಹೆಚ್ಚಿದರೆ ರಕ್ಷಣೆಯೂ ಹೆಚ್ಚುತ್ತದೆಂಬುದಕ್ಕೆ ಆಧಾರವಿತ್ತು. ಆದರೆ ಊರೂರಲ್ಲೂ ‘ಲಸಿಕೆ ಖಾಲಿ’ ಎಂಬ ಬೋರ್ಡು ನೇತಾಡುತ್ತಿದ್ದ ವಾರದಲ್ಲೇ, ಅದರಲ್ಲೂ ಬ್ರಿಟನ್ ಹೊಸ ತಳಿಗೆ ಹೆದರಿ ಐವತ್ತು ದಾಟಿದವರಿಗೆ ಅಂತರವನ್ನು 8 ವಾರಕ್ಕೆ ಇಳಿಸಿದ ವಾರದಲ್ಲೇ ಇದನ್ನು ಪ್ರಕಟಿಸಿದರೆ ಯಾರು ನಂಬುತ್ತಾರೆ? ವಿದೇಶಕ್ಕೆ ಹೊರಟವರು ಮಾತ್ರ 28 ದಿನಕ್ಕೇ ಹಾಕಿಸಿಕೊಳ್ಳಬಹುದೆಂದು ಜೂನ್‌ನಲ್ಲಿ ವಿನಾಯಿತಿ ಕೊಟ್ಟಾಗ, “ಹಾರಿ ಹೋಗೋರಿಗೆ ಒಂದು ವಿಜ್ಞಾನ, ಮನೇಲಿರೋರಿಗೆ ಇನ್ನೊಂದು” ಎಂದು ಅವಳು ಅಂದದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಬೂಸ್ಟರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 2021ರ ಡಿಸೆಂಬರ್ 25ರಂದು ಪ್ರಧಾನಿಯವರು ಅದನ್ನು ಪ್ರಕಟಿಸಿದಾಗ ‘ಬೂಸ್ಟರ್’ ಎನ್ನದೆ ‘ಮುನ್ನೆಚ್ಚರಿಕೆ ಡೋಸ್’ ಎಂದರು. ಒಂಬತ್ತು ತಿಂಗಳ ನಂತರ, ಮೊದಲು ಪಡೆದ ಲಸಿಕೆಯನ್ನೇ ಮತ್ತೊಮ್ಮೆ. ಬಹುಪಾಲು ಜನಕ್ಕೆ ಸೋಂಕು ಆಗಲೇ ತಗುಲಿ ಹೋಗಿರುವಾಗ ಮೂರನೆಯದು ಯಾರಿಗೆ, ಎಷ್ಟು ಬೇಕೆಂಬ ಗಂಭೀರ ಚರ್ಚೆ ಆಗಬೇಕಿತ್ತು. ವಯಸ್ಸಾದ ನಾನು ಉಚಿತವಾಗಿ ಹಾಕಿಸಿಕೊಂಡೆ. ಮಗ ಏಪ್ರಿಲ್‌ನಲ್ಲಿ ಖಾಸಗಿಯಲ್ಲಿ ದುಡ್ಡು ಕೊಡಬೇಕಿತ್ತು, ಕೊಡಲಿಲ್ಲ. ಜುಲೈ 15ರಿಂದ ಎಪ್ಪತ್ತೈದು ದಿನ ಪುಕ್ಕಟೆ ಮಾಡಿದಾಗಲೂ ಹೋಗಲಿಲ್ಲ.

ಹಾಸನದ ಸುದ್ದಿಯ ಆ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಪೊಲೀಸ್ ಕಾನ್‌ಸ್ಟೆಬಲ್, ನಲವತ್ತರ ಆಸುಪಾಸು. 2021ರ ಫೆಬ್ರುವರಿಯಲ್ಲಿ, ಮುಂಚೂಣಿ ಕಾರ್ಯಕರ್ತರ ಸರದಿಯಲ್ಲಿ ಕೋವ್ಯಾಕ್ಸಿನ್ ಹಾಕಿಸಿಕೊಂಡಿದ್ದ. “ಮೇಷ್ಟ್ರೇ, ಇಸಿಜಿ ಮಾಡಿಸ್ಲಾ?” ಎಂದ. ಬಿಪಿ, ಶುಗರ್ ನೋಡಿಸು, ಬೀಡಿ ಬಿಡು ಎಂದು ಹೇಳಿ, ವಿದ್ಯುತ್ ಬಿಲ್ಲಿನ ಹಿಂದೆ 24 ಮತ್ತು 106 ಬರೆದು ಲೆಕ್ಕ ಬಿಡಿಸಿ ತೋರಿಸಿದೆ. ಗಮನವಿಟ್ಟು ನೋಡಿದ, ಒಂಬತ್ತನೇ ತರಗತಿಯಲ್ಲಿ ಇಷ್ಟು ಗಮನ ಕೊಟ್ಟವನಲ್ಲ.

“ಇದನ್ನ ಆವಾಗ್ಲೇ ಯಾಕೆ ಯಾರೂ ಹೇಳ್ಲಿಲ್ಲ ಮೇಷ್ಟ್ರೇ?”

“ಆವಾಗ ಈ ಲೆಕ್ಕ ಇನ್ನೂ ಬಂದಿರಲಿಲ್ಲ ಕಣಯ್ಯ.”

“ಮತ್ತೆ ಸೂಜಿ ಹೆಂಗೆ ಬಂತು?” ಎಂದ ಅವನು, ಬಿಲ್ಲನ್ನು ಮಡಿಸಿ ಜೇಬಿಗೆ ಹಾಕಿಕೊಳ್ಳುತ್ತಾ.