ಎರಡು ಸರ್ಕಾರಿ ಶಾಲೆ, ಒಂದು ಬೆಳಗ್ಗೆ

ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸಬೇಕು. ಇವತ್ತು ನಮ್ಮ ಕಡೆಯ ಎರಡು ಸರ್ಕಾರಿ ಶಾಲೆ ನೋಡಿಕೊಂಡು ಬಂದೆ.

ಮೊದಲನೆಯದು ರಸ್ತೆ ಪಕ್ಕದ್ದು. ಹೊಸ ಕಟ್ಟಡ, ಗೋಡೆ ತುಂಬ ರೈಲು ಬೋಗಿಯ ಪೇಂಟು, ಸ್ಮಾರ್ಟ್ ಟಿವಿ. ಟಿವಿಗೆ ಸುತ್ತಿದ ಪ್ಲಾಸ್ಟಿಕ್ ಇನ್ನೂ ಬಿಚ್ಚಿರಲಿಲ್ಲ! ಶೌಚಾಲಯಕ್ಕೆ ಬೀಗ. ಕೀ ಯಾರ ಹತ್ತಿರ ಅಂದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಎರಡನೆಯದು ಹಂಚಿನ ಕಟ್ಟಡ. 23 ಮಕ್ಕಳು, ಇಬ್ಬರು ಟೀಚರ್. 60 ಮಕ್ಕಳವರೆಗೆ ಇಬ್ಬರು ಅಂತ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯಲ್ಲೇ ಇದೆ, ಲೆಕ್ಕಕ್ಕೆ ಸರಿ. ಆದರೆ ಒಬ್ಬರು ಮೀಟಿಂಗಿಗೆ ಹೋದರೆ ಐದೂ ಕ್ಲಾಸು ಇನ್ನೊಬ್ಬರ ತಲೆ ಮೇಲೆ. ಆಡುತ್ತಾ ಕಲಿಯುವ ನಲಿ-ಕಲಿ ಪದ್ಧತಿಯಲ್ಲಿ ಒಂದರಿಂದ ಮೂರರವರೆಗೆ ಹೇಗೂ ಒಟ್ಟಿಗೇ ಕೂರುತ್ತಾರೆ ಬಿಡಿ. ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಪುಟ್ಟ ಹುಡುಗನ ಕೈ ಹಿಡಿದು ಸ್ಲೇಟಿನ ಮೇಲೆ 'ಳ' ತಿದ್ದಿಸುತ್ತಿದ್ದಳು. ದನಿ ಮಾತ್ರ ಟೀಚರಮ್ಮನಿಗಿಂತ ಜೋರು.

ನನ್ನ ಮನಸ್ಸು ಅಲ್ಲೇ ನಿಂತುಬಿಟ್ಟಿತು. ನಾವು ಸುಮ್ನೆ ಗೋಡೆ, ಗೇಟು ನೋಡಿಯೇ ಶಾಲೆ ಅಳೆಯುತ್ತೇವೆ ಅಲ್ವಾ?

ಮಗಳ ಅಳತೆಯೇ ಬೇರೆ. "ಅಮ್ಮಾ, ಮೊಟ್ಟೆ ಯಾವ ಸ್ಕೂಲಲ್ಲಿ ಕೊಡ್ತಾರೆ?"

ಎರಡರಲ್ಲೂ ಕೊಡ್ತಾರೆ ಕಂದಾ.