ಔಷಧಿಯ ಸಾಲಿನಲ್ಲಿ 640 ರೂಪಾಯಿ ಕಡಿಮೆ

2025 ಮೇ 23, ಶುಕ್ರವಾರ
ಮಿರ್ಜಾನ್, ಕುಮಟಾ ತಾಲ್ಲೂಕು

ಮೂರು ದಿನಗಳಿಂದ ಮಳೆ ಬಿಟ್ಟಿಲ್ಲ. ಮೇ ತಿಂಗಳು ಕಳೆಯುವ ಮೊದಲೇ ಹೀಗೆ ಸುರಿಯುತ್ತದೆ ಎಂದು ಯಾರು ಎಣಿಸಿದ್ದರು? ಹಂಚು ಕೈಯಾಡಿಸುವವನು ಜೂನ್ ಮೊದಲ ವಾರ ಬರುತ್ತೇನೆ ಎಂದಿದ್ದ. ಈಗ ಅಡುಗೆಮನೆಯಲ್ಲಿ ಒಂದು ಕಡೆ, ನಡುಮನೆಯಲ್ಲಿ ಎರಡು ಕಡೆ ಸೋರುತ್ತಿದೆ. ಅಳ್ವೇಕೋಡಿಯ ಸಿಹಿ ಈರುಳ್ಳಿಯ ಎರಡು ಗೊಂಚಲುಗಳನ್ನು ಏಪ್ರಿಲಿನಲ್ಲಿ ತಂದು ತೊಲೆಗೆ ತೂಗುಹಾಕಿದ್ದೆ. ಒದ್ದೆಯಾದರೆ ಅವು ಕೊಳೆಯುತ್ತವೆ. ಬೆಳಿಗ್ಗೆ ಎದ್ದವಳೇ ಅವನ್ನು ಇಳಿಸಿ ಒಲೆಯ ಬದಿಯ ಗೂಟಕ್ಕೆ ಸಿಕ್ಕಿಸಿದೆ. ಮಳೆಗಾಲಕ್ಕೆಂದು ನಾನು ಕೂಡಿಟ್ಟಿರುವುದು ಆ ಈರುಳ್ಳಿ, ಒಂದು ಚೀಲ ಸಾಣಿಕಟ್ಟೆಯ ಉಪ್ಪು ಮತ್ತು ಸ್ವಲ್ಪ ಒಣಮೀನು, ಅಷ್ಟೇ. ಜೂನ್ ಒಂದರಿಂದ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಜುಲೈ ಮುಗಿಯುವವರೆಗೆ ತಾಜಾ ಮೀನಿನ ಮಾತು ನಮ್ಮಂಥವರ ಮನೆಯಲ್ಲಿ ಏಳುವುದಿಲ್ಲ.

ಹತ್ತು ಗಂಟೆಯ ಬಸ್ಸಿಗೆ ಕುಮಟಾಕ್ಕೆ ಹೋದೆ. ಹೆಂಗಸರಿಗೆ ಟಿಕೆಟ್ ಇಲ್ಲದಿರುವುದರಿಂದ ತಿಂಗಳಿಗೆ ಎಷ್ಟು ಉಳಿಯುತ್ತದೆ ಎನ್ನುವುದು ನನ್ನ ಲೆಕ್ಕದ ಪುಸ್ತಕಕ್ಕೆ ಗೊತ್ತು. ಹೊಲಿಗೆಗೆ ದಾರ, ಗುಂಡಿ, ಫಾಲ್ ಬಟ್ಟೆ ತರಲು ವಾರಕ್ಕೆ ಎರಡು ಸಲ ಹೋಗಲೇಬೇಕು. ಹೊರಡುವಾಗ ಮಾವನನ್ನು ಕೇಳಿದೆ, ಮಾತ್ರೆ ತರಬೇಕೇ ಎಂದು. "ಇನ್ನೂ ಹದಿನೈದು ದಿನಕ್ಕೆ ಇದೆ, ಸುಮ್ಮನೆ ತಂದು ಇಡಬೇಡ" ಎಂದರು. ನಾನೂ ಹೆಚ್ಚು ವಿಚಾರಿಸಲಿಲ್ಲ.

ಮದುವೆಗಳ ತಿಂಗಳಾದ್ದರಿಂದ ಹೊಲಿಗೆಯ ಹಣ ಈ ಸಲ ಚೆನ್ನಾಗಿ ಬಂದಿತ್ತು. ಪ್ರತಿ ತಿಂಗಳಿನ ಐದು ಸಾವಿರಕ್ಕೆ ಇನ್ನೂ ಮೂರು ಸೇರಿಸಿ ಎಂಟು ಸಾವಿರವನ್ನು ಬಂಗಾರದ ಸಾಲಕ್ಕೆ ಕಟ್ಟಿದೆ. ರಸೀದಿಯಲ್ಲಿ ಉಳಿದ ಅಸಲು 91,400. ಮೂರು ವರ್ಷದ ಹಿಂದೆ ಒಂದೂವರೆ ಲಕ್ಷ ಇದ್ದದ್ದು ಇಷ್ಟಕ್ಕೆ ಇಳಿದಿದೆ. ರಸೀದಿಯನ್ನು ಮಡಿಸುತ್ತಿದ್ದಾಗ ಕೌಂಟರಿನ ಹುಡುಗ ಹೇಳಿದ: "ಅಕ್ಕಾ, ಬಂಗಾರದ ದರ ಏರಿದೆಯಲ್ಲ, ಇದೇ ಬಳೆಗಳ ಮೇಲೆ ಇನ್ನೂ ಒಂದೂವರೆ ಲಕ್ಷ ಸಿಗುತ್ತದೆ. ಇವತ್ತೇ ಖಾತೆಗೆ ಹಾಕಬಹುದು."

ಅವನು ಹೇಳಿದ್ದು ಸುಳ್ಳಲ್ಲ. ನಾಲ್ಕು ಬಳೆ, 48 ಗ್ರಾಮ್. ನಾವು ಅಡವಿಟ್ಟ 2022ರ ಆರಂಭದಲ್ಲಿ ಗ್ರಾಮಿಗೆ ನಾಲ್ಕೂವರೆ ಸಾವಿರದ ಆಸುಪಾಸು ಇತ್ತು. ಈಗ ಆಭರಣದ ಬಂಗಾರವೇ ಎಂಟೂವರೆ ಸಾವಿರ ದಾಟಿದೆ. ಬೆಲೆಯ ಮುಕ್ಕಾಲು ಪಾಲಿನವರೆಗೆ ಸಾಲ ಕೊಡುತ್ತಾರೆ. ಮನೆಗೆ ಹಂಚು ತೆಗೆದು ತಗಡು ಹಾಕಿಸಲು ಕಳೆದ ವಾರವಷ್ಟೇ ಒಬ್ಬರು ಹೇಳಿದ ಲೆಕ್ಕ ಒಂದು ಲಕ್ಷ ನಲವತ್ತು ಸಾವಿರ. ಒಂದು ಗಳಿಗೆ ನನ್ನ ಕಣ್ಣ ಮುಂದೆ ಸೋರದ ಮನೆ ಬಂದು ನಿಂತಿತು. ಹೊರಗೆ ಮಳೆ ಇನ್ನೂ ಸುರಿಯುತ್ತಲೇ ಇತ್ತು.

ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದು ಎದ್ದು ಬಂದೆ. ಬಸ್ಸಿನಲ್ಲಿ ಕುಳಿತು ರಸೀದಿಯ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ನೂರಕ್ಕೆ ವರ್ಷಕ್ಕೆ ಹತ್ತರಂತೆ ಮೊದಲು ತಿಂಗಳಿಗೆ 1,250 ರೂಪಾಯಿ ಬಡ್ಡಿ. ಈಗ 762. ಹೊಸ ಸಾಲ ಸೇರಿದರೆ ಎರಡು ಸಾವಿರದ ಮೇಲೆ. ನಾವು ಕಟ್ಟುವ ಐದು ಸಾವಿರದಲ್ಲಿ ಎರಡು ಬಡ್ಡಿಗೇ ಹೋದರೆ ಅಸಲು ಇಳಿಯುವುದು ಯಾವಾಗ? ಮೊದಲ ಎರಡು ವರ್ಷ ನಾವು ಮಾಡಿದ್ದೂ ಅದನ್ನೇ. ವರ್ಷದ ಕೊನೆಗೆ ಹದಿನೈದು ಸಾವಿರ ಬಡ್ಡಿ ಕಟ್ಟಿ, ಹೊಸ ಚೀಟಿ ಬರೆಸಿ, ಸಾಲ ಕಟ್ಟಿದೆವು ಎಂದು ನೆಮ್ಮದಿಯಿಂದ ಮನೆಗೆ ಬರುತ್ತಿದ್ದೆವು. ಮೂವತ್ತು ಸಾವಿರ ಹೋದರೂ ಅಸಲಿನಲ್ಲಿ ಒಂದು ರೂಪಾಯಿ ಕಡಿಮೆಯಾಗಿರಲಿಲ್ಲ.

ಈ ಸಾಲ ಹುಟ್ಟಿದ್ದು ರಸ್ತೆಯ ಮೇಲೆ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ. 2022ರ ಜನವರಿಯ ಒಂದು ರಾತ್ರಿ ಮಾವನಿಗೆ ಎದೆನೋವು. ಇಲ್ಲಿ ಆಗುವುದಿಲ್ಲ, ಮುಂದೆ ಒಯ್ಯಿರಿ ಎಂದರು. ನಮ್ಮ ಜಿಲ್ಲೆಯವರಿಗೆ ಮುಂದೆ ಎಂದರೆ ಉಡುಪಿ ಜಿಲ್ಲೆ, ಇಲ್ಲವೇ ಮಂಗಳೂರು, ಹುಬ್ಬಳ್ಳಿ, ಗೋವಾ. ನೂರು ಕಿಲೋಮೀಟರಿಗೂ ಮೇಲೆ ಹೆದ್ದಾರಿಯಲ್ಲಿ, ಆಂಬುಲೆನ್ಸಿನಲ್ಲಿ ಮಾವನ ಕಾಲ ಬಳಿ ಕುಳಿತು ಹೋಗಿದ್ದೆ. ಆ ವರ್ಷವೇ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಬಳಿ ಮಗುಚಿ ನಾಲ್ವರು ಸತ್ತಾಗ, ಜಿಲ್ಲೆಗೆ ಒಂದು ದೊಡ್ಡ ಆಸ್ಪತ್ರೆ ಬೇಕು ಎಂದು ಎಲ್ಲ ಕಡೆಯಿಂದ ಕೂಗು ಎದ್ದಿತ್ತು. ಆ ಸುದ್ದಿ ಓದುವಾಗ ನನ್ನ ಕೈ ನಡುಗಿತ್ತು. ಅದೇ ರಸ್ತೆ, ಅದೇ ಟೋಲ್. ನಾವು ದಾಟಿ ಹೋಗಿದ್ದೆವು.

ಚಿಕಿತ್ಸೆಯ ಒಂದು ಪಾಲು ಕಾರ್ಡಿನಲ್ಲಿ ಹೋಯಿತು. ಆಂಬುಲೆನ್ಸು, ಹೊರಗಿನ ಔಷಧಿ, ಹನ್ನೆರಡು ದಿನದ ರೂಮು, ಊಟ, ಆಮೇಲೆ ತಿಂಗಳು ತಿಂಗಳು ತಪಾಸಣೆಗೆ ಹೋಗಿಬರುವುದು, ಇದೆಲ್ಲ ಕೈಯಿಂದ. ಬಂಗಾರ ಸಾಲದೆ ಬಂದಾಗ ಇವರು ನೂರಕ್ಕೆ ತಿಂಗಳಿಗೆ ಮೂರರಂತೆ ಅರವತ್ತು ಸಾವಿರ ಕೈಸಾಲ ತಂದಿದ್ದರು. ಮೂರು ರೂಪಾಯಿ ಎಂದರೆ ಕೇಳಲು ಸಣ್ಣದು. ವರ್ಷಕ್ಕೆ ಮೂವತ್ತಾರು! ಎರಡು ವರ್ಷದಲ್ಲಿ ಬಡ್ಡಿಯೇ ನಲವತ್ತಮೂರು ಸಾವಿರ ತಿಂದಿತು. ಕಳೆದ ವರ್ಷ ಮಾರ್ಚಿನಲ್ಲಿ ಇವರು ಬೈಕ್ ಮಾರಿ, ನನ್ನ ಚೀಟಿ ಎತ್ತಿದ ಹಣವನ್ನೂ ಸೇರಿಸಿ ಅದನ್ನು ತೀರಿಸಿದೆವು. ಅಂದಿನಿಂದ ಇವರು ಬೆಳಿಗ್ಗೆ ಆರೂ ನಲವತ್ತರ ಬಸ್ಸಿಗೆ ಕೆಲಸಕ್ಕೆ ಹೋಗುತ್ತಾರೆ. ಒಂದು ದಿನವೂ ಬೈಕಿನ ಮಾತು ತೆಗೆದಿಲ್ಲ.

ಇಷ್ಟು ಬರೆದದ್ದು ಸಂಜೆಯ ಸಂಗತಿಯನ್ನು ಬರೆಯಲು ಮನಸ್ಸು ಬಾರದೆ.

ಸಂಜೆ ಮಳೆ ಜೋರಾಯಿತು. ಮಾವನ ಮಂಚದ ಮೇಲೆ ಹೊಸದಾಗಿ ತೊಟ್ಟಿಕ್ಕತೊಡಗಿದಾಗ ನಾನೂ ಮಗಳೂ ಮಂಚವನ್ನು ಎಳೆದೆವು. ತಲೆಯ ಕಡೆಯ ಗೂಡಿನಲ್ಲಿ ಅವರ ಕನ್ನಡಕ, ಹಳೆಯ ಪಂಚಾಂಗ, ಒಂದು ತಗಡಿನ ಡಬ್ಬಿ. ನೆನೆಯಬಾರದೆಂದು ಡಬ್ಬಿಯನ್ನು ತೆಗೆದೆ, ಮುಚ್ಚಳ ಸಡಿಲವಿತ್ತು. ಒಳಗೆ ಅತ್ತೆಯ ಹಳೆಯ ಅಡಕತ್ತರಿ, ಅದರ ಜೊತೆ ಕಾಗದದಲ್ಲಿ ಕಟ್ಟಿದ ಅರ್ಧರ್ಧ ಮಾತ್ರೆಗಳು. ಬಿಳಿಯವು, ಹಳದಿಯವು. ಕತ್ತರಿಸಿದ ಅಂಚು ಪುಡಿಪುಡಿಯಾಗಿತ್ತು. ತೇವಕ್ಕೆ ಎರಡು ಮೂರು ಒಂದಕ್ಕೊಂದು ಅಂಟಿಕೊಂಡಿದ್ದವು.

ಮಗಳು ಕೇಳಿದಳು, "ಅಜ್ಜ, ಡಾಕ್ಟರರು ಅರ್ಧ ತಿನ್ನಲು ಹೇಳಿದ್ದಾರಾ?"

ಮಾವ ಮಾತನಾಡಲಿಲ್ಲ.

ನಾನು ಲೆಕ್ಕದ ಪುಸ್ತಕ ತೆರೆದು ಏಪ್ರಿಲಿನ ಹಾಳೆ ನೋಡಿದೆ. ಔಷಧಿಗೆ ಪ್ರತಿ ತಿಂಗಳು 1,280 ರೂಪಾಯಿ. ಏಪ್ರಿಲಿನಲ್ಲಿ 640. ಕೆಳಗೆ ನನ್ನದೇ ಕೈಬರಹದಲ್ಲಿ "ಉಳಿತಾಯ" ಎಂದು ಬರೆದು ಎರಡು ಗೆರೆ ಎಳೆದಿದ್ದೇನೆ. ಸರಿಯಾಗಿ ಅರ್ಧ. ಎಣ್ಣೆಯ ಬೆಲೆ ಐದು ರೂಪಾಯಿ ಹೆಚ್ಚಾದರೆ ಅಂಗಡಿಯವನನ್ನು ಕೇಳುವ ನಾನು, ಔಷಧಿ ಅರ್ಧಕ್ಕೆ ಇಳಿದಾಗ ಏಕೆ ಎಂದು ಕೇಳಲಿಲ್ಲ. ಆ 640 ರೂಪಾಯಿಯನ್ನು ಬಳೆಯ ಸಾಲಕ್ಕೆ ಸೇರಿಸಿದ್ದೆ.

ಇವರು ಬಂದ ಮೇಲೆ ಹೇಳಿದೆ. ಕೂಗಾಡುತ್ತಾರೆ ಎಂದುಕೊಂಡಿದ್ದೆ. ಒದ್ದೆ ಅಂಗಿಯಲ್ಲೇ ಅಪ್ಪನ ಬಳಿ ಕುಳಿತು, "ನಿಮಗಾಗಿ ಮಾಡಿದ ಸಾಲ ತೀರಿಸಲು ನಿಮ್ಮ ಮಾತ್ರೆಯನ್ನೇ ಕತ್ತರಿಸಿದರೆ ಹೇಗಪ್ಪ?" ಎಂದರು. ಮಾವ ಬಹಳ ಹೊತ್ತಿನ ಮೇಲೆ ನನ್ನ ಕಡೆ ತಿರುಗಿ, "ನಿನ್ನ ಬರಿಗೈ ನೋಡುತ್ತಾ ಊಟ ಮಾಡುವುದು ಕಷ್ಟ, ತಂಗಿ" ಎಂದರು. ಅನ್ನ ಬಡಿಸುವಾಗ ಅವರು ನೋಡುತ್ತಿದ್ದದ್ದು ನನ್ನ ಗಾಜಿನ ಬಳೆಗಳನ್ನು ಎಂದು ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ.

ಸಾಲ ಎಷ್ಟಿದೆ ಎಂದು ಮಾವನಿಗೆ ನಾವು ಹೇಳಿಯೇ ಇರಲಿಲ್ಲ. ಹೃದಯದ ರೋಗಿ, ಚಿಂತೆ ಬೇಡ ಎಂದು ಮುಚ್ಚಿಟ್ಟಿದ್ದೆವು. ಅವರು ಮನಸ್ಸಿನಲ್ಲಿ ಎಣಿಸಿಕೊಂಡದ್ದು ಐದು ಲಕ್ಷ! ಅತ್ತೆ ತಮ್ಮ ಗೃಹಲಕ್ಷ್ಮಿಯ ಎರಡು ಸಾವಿರ ಬಂದಾಗಲೆಲ್ಲ ಹಾಗೆಯೇ ನನ್ನ ಕೈಗೆ ಇಡುತ್ತಾರೆ. ಅದು ಯಾವ ಲೆಕ್ಕಕ್ಕೆ ಹೋಗುತ್ತದೆ ಎಂದು ಅವರಿಗೂ ಗೊತ್ತಿರಲಿಲ್ಲ. ಇವತ್ತು ಊಟವಾದ ಮೇಲೆ ಎಲ್ಲರನ್ನೂ ನಡುಮನೆಯಲ್ಲಿ ಕೂರಿಸಿ, ಪುಸ್ತಕವನ್ನು ಮಗಳ ಕೈಯಲ್ಲಿ ಕೊಟ್ಟು ಮೊದಲ ಹಾಳೆಯಿಂದ ಓದಿಸಿದೆ. ಸೋರುವ ನೀರು ಬೋಗುಣಿಗೆ ಬೀಳುವ ಸದ್ದಿನ ನಡುವೆ ಅವಳು ಗಟ್ಟಿಯಾಗಿ ಓದಿದಳು. 91,400 ಎಂದಾಗ ಮಾವ ಎದ್ದು ಕುಳಿತರು. "ಅಷ್ಟೇಯಾ?" ಎಂದು ಎರಡು ಸಲ ಕೇಳಿದರು. ತಿಂಗಳಿಗೆ ಐದು ಕಟ್ಟಿದರೆ ಎಷ್ಟು ದಿನ ಎಂದು ಬೆರಳಲ್ಲೇ ಎಣಿಸಿ, "ಎರಡು ವರ್ಷ ಬೇಡ" ಎಂದು ತಾವೇ ಹೇಳಿದರು. ಅವರ ಲೆಕ್ಕ ಸರಿಯಾಗಿಯೇ ಇದೆ.

ಹೊಸ ಸಾಲ ಬೇಡವೆಂದು ತೀರ್ಮಾನವಾಯಿತು. ತಗಡಿನ ಮಾತು ಬಳೆ ಮನೆಗೆ ಬಂದ ಮೇಲೆ. ಈ ಮಳೆಗಾಲಕ್ಕೆ ಒಡೆದ ಹಂಚು ಬದಲಿಸಿ, ಮಂಚದ ಮೇಲೆ ಬರುವ ಕಡೆ ತಾಡಪತ್ರಿ ಕಟ್ಟುವುದು. ಮಗಳು ಪುಸ್ತಕದ ಜೂನ್ ತಿಂಗಳ ಹಾಳೆಯಲ್ಲಿ, ಬಡ್ಡಿ ಮತ್ತು ಅಸಲಿಗಿಂತಲೂ ಮೇಲೆ, ಮೊದಲ ಸಾಲಿನಲ್ಲಿ "ಅಜ್ಜನ ಔಷಧಿ 1,280" ಎಂದು ಬರೆದಳು. ಜನೌಷಧಿ ಅಂಗಡಿಯಲ್ಲಿ ಇದೇ ಮಾತ್ರೆಗಳು ಅಗ್ಗಕ್ಕೆ ಸಿಗುತ್ತವೆಯೇ ಎಂದು ಡಾಕ್ಟರರನ್ನು ಕೇಳಬೇಕು. ಈ ಮಾತು ನನಗೆ ಮೊದಲೇ ಹೊಳೆಯಬೇಕಿತ್ತು.

ಮಾವ ರಾತ್ರಿಯ ಮಾತ್ರೆಯನ್ನು ನನ್ನ ಎದುರಿಗೇ ಇಡಿಯಾಗಿ ನುಂಗಿದರು. ನಾಳೆ ಬೆಳಿಗ್ಗೆ ಅವರನ್ನು ಕರೆದುಕೊಂಡು ಹೋಗಿ ರಕ್ತದೊತ್ತಡ ನೋಡಿಸಬೇಕು. ಎರಡು ತಿಂಗಳು ಅರ್ಧವೇ ತಿಂದಿದ್ದಾರೆ ಎಂದು ಡಾಕ್ಟರರಿಗೆ ಮುಚ್ಚಿಡದೆ ಹೇಳಬೇಕು. ಅಡಕತ್ತರಿಯನ್ನು ತೊಳೆದು, ಒರೆಸಿ, ಅತ್ತೆಯ ಎಲೆಯಡಿಕೆ ಡಬ್ಬಿಗೆ ಹಾಕಿದ್ದೇನೆ. ನಡುಮನೆಯ ಬೋಗುಣಿ ತುಂಬುತ್ತಾ ಬಂದಿದೆ, ಚೆಲ್ಲಿ ಬಂದು ಮಲಗಬೇಕು.