ಹನ್ನೊಂದು ವರ್ಷ ಕಾದ ಹಾಡು

ನಿದ್ದೆ ಬಾರದ ರಾತ್ರಿ. ಮತ್ತೆ ‘ದಿ ಹ್ಯಾಂಡ್‌ಸಮ್ ಫ್ಯಾಮಿಲಿ’ಯ ಹಾಡುಗಳನ್ನೇ ಕೇಳುತ್ತಾ ಕುಳಿತಿದ್ದೇನೆ. ಅಮೆರಿಕದ ಈ ತಂಡದ ಜೀವಾಳ ಒಂದು ದಂಪತಿ. ಸಾಹಿತ್ಯ ರೆನಿ ಸ್ಪಾರ್ಕ್ಸ್ ಅವರದು. ರಾಗವೂ ಬಾವಿಯ ತಳದಿಂದ ಎದ್ದು ಬಂದಂತಹ ಆ ಕಂಠವೂ ಪತಿ ಬ್ರೆಟ್ ಅವರದು. 1990ರ ದಶಕದಲ್ಲಿ ಶಿಕಾಗೋದಲ್ಲಿ ಶುರು, ಆಮೇಲೆ ನ್ಯೂ ಮೆಕ್ಸಿಕೋದ ಆಲ್ಬುಕರ್ಕಿಗೆ ವಲಸೆ. ಹಳೆಯ ಲಾವಣಿಗಳ ಧಾಟಿ, ಒಳಗೆಲ್ಲ ಸಾವು, ಕಾಡು, ಕತ್ತಲೆ.

‘ಫಾರ್ ಫ್ರಮ್ ಎನಿ ರೋಡ್’ ಬಂದದ್ದು 2003ರಲ್ಲಿ, ‘ಸಿಂಗಿಂಗ್ ಬೋನ್ಸ್’ ಆಲ್ಬಮ್‌ನಲ್ಲಿ. ಮರುಭೂಮಿಯ ಮುಸ್ಸಂಜೆ, ಬುಡಬುಡಿಕೆ ಹಾವುಗಳು, ಇಬ್ಬರ ದನಿ ಒಂದರ ಮೇಲೊಂದು ನೆರಳಿನ ಹಾಗೆ. ಕೇಳಿದವರು ಕೆಲವರೇ. 2014ರಲ್ಲಿ ‘ಟ್ರೂ ಡಿಟೆಕ್ಟಿವ್’ ಧಾರಾವಾಹಿಯ ಶೀರ್ಷಿಕೆ ಗೀತೆಯಾದಾಗ ಜಗತ್ತೇ ತಿರುಗಿ ನೋಡಿತು. ನಾನೂ ಹಾಗೆ ತಡವಾಗಿ ಬಂದವನೇ.

ನನ್ನನ್ನು ಕಾಡುವುದು ಆ ಖ್ಯಾತಿಯಲ್ಲ, ನಡುವಿನ ಹನ್ನೊಂದು ವರ್ಷ. ಆಗಲೂ ಅವರು ಆಲ್ಬಮ್ ಮೇಲೆ ಆಲ್ಬಮ್ ತರುತ್ತಲೇ ಇದ್ದರು. ಹೆಂಡತಿ ಬರೆದದ್ದನ್ನು ಗಂಡ ಮೊದಲ ಸಲ ಓದುವ ಆ ಗಳಿಗೆಯನ್ನು ಊಹಿಸಿಕೊಳ್ಳುತ್ತೇನೆ. ಹೊರಗೆ ಮಳೆ ಹಿಡಿದಿದೆ. ಇನ್ನೊಂದು ಸಲ ಮೊದಲಿನಿಂದ ಹಾಕುತ್ತೇನೆ.